ಗಣಿತದ ಕಂಠಾಭರಣ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಕಾಲವನ್ನು ನಾವು ಸಾಮಾನ್ಯವಾಗಿ ಕವಿರಾಜಮಾರ್ಗದ ಮೂಲಕ ನೆನೆಯುತ್ತೇವೆ. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ಕ್ಕೆ ನಮ್ಮ ನೆನಪಿನಲ್ಲಿ ಅಷ್ಟು ಸ್ಥಳ ಸಿಕ್ಕಿಲ್ಲ. ಅದರ ಗುಣಾಕಾರ ಪ್ರಕರಣದ ಒಂದು ಸಂಖ್ಯೆಯನ್ನು ಇಲ್ಲಿ ಪರಿಶೀಲಿಸೋಣ.

27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಇಂದಿನ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಹನ್ನೊಂದನೆಯದಾದ ಅರ್ಬುದದವರೆಗೆ ಈ ಸಂಖ್ಯೆ ವ್ಯಾಪಿಸಿದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವುದು ಎಂದು ಅವರು ಇದನ್ನು ವರ್ಣಿಸುತ್ತಾರೆ.

ಈ ಏರಿಳಿತಕ್ಕೆ ಕಾರಣವಿದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗವೇ ಆಗಿದೆ. ಆರು ಸಾಲುಗಳಲ್ಲಿ 111111ನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿದರೆ, ಬಲತುದಿಯಲ್ಲಿ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು, ಎಡತುದಿಯಲ್ಲಿ ಮತ್ತೆ ಒಂದು ಬರುತ್ತದೆ. ಯಾವ ಸ್ಥಾನದ ಮೊತ್ತವೂ ಒಂಬತ್ತನ್ನು ಮೀರದ ಕಾರಣ ದಶಕವನ್ನು ಮುಂದಕ್ಕೆ ಒಯ್ಯಬೇಕಿಲ್ಲ. ಈ ಸೊಬಗು ಒಂಬತ್ತು ‘ಒಂದು’ಗಳ ವರ್ಗದವರೆಗೆ ಉಳಿಯುತ್ತದೆ, ಹತ್ತಾದರೆ ನಡುವಿನ ಮೊತ್ತ 10 ಆಗಿ ಕ್ರಮ ಕೆಡುತ್ತದೆ.

ಇದರಲ್ಲಿ ಪಾಠರಕ್ಷಣೆಯ ಪ್ರಶ್ನೆಯೂ ಅಡಗಿದೆ. ಪ್ರಾಚೀನರು ಅಂಕೆಗಳನ್ನು ಪದಗಳಿಂದ ಸೂಚಿಸುತ್ತಿದ್ದರು. ಮಹಾವೀರಾಚಾರ್ಯರಲ್ಲಿ ರತ್ನವೆಂದರೆ ಮೂರು, ತತ್ತ್ವವೆಂದರೆ ಏಳು. ಎರಡೂ ಜೈನ ಪರಿಭಾಷೆಯಿಂದ ಬಂದ ಸಂಕೇತಗಳು. ಬೇರೆಡೆ ತತ್ತ್ವ 25ಕ್ಕೂ ಸಲ್ಲುತ್ತದೆ. ಮೇಲಾಗಿ ಅಂಕೆಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಎಣಿಸುವುದು ವಾಡಿಕೆ. ಪರಿಭಾಷೆ ತಿಳಿಯದ ಓದುಗನಾಗಲಿ ಲಿಪಿಕಾರನಾಗಲಿ ಎಡವುವುದು ಸುಲಭ. ಎರಡೂ ತುದಿಗಳಿಂದ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗೆ ದಿಕ್ಕಿನ ಗೊಂದಲವಿಲ್ಲ. ಗುಣಾಕಾರದಲ್ಲಿ ತಪ್ಪಿದರೆ ಸಾಮಾನ್ಯವಾಗಿ ಆ ಸಮತೆ ಮುರಿದು ತಪ್ಪು ಕಣ್ಣಿಗೆ ಬೀಳುತ್ತದೆ. ವಿದ್ಯಾರ್ಥಿಗೆ ಇದು ಉತ್ತರವೂ ಹೌದು, ತಾಳೆಯೂ ಹೌದು. ಇಂಥ ಲೆಕ್ಕಗಳನ್ನು ಕೇವಲ ವಿನೋದವೆಂದು ಬದಿಗಿಡಬಾರದೆಂಬುದು ನನ್ನ ಅಭಿಪ್ರಾಯ.

ಇದೇ ಪ್ರಕರಣದಲ್ಲಿ ಇದರ ಬಂಧುಗಳೂ ಇವೆ: 139 × 109 = 15151; 152207 × 73 = 11111111; 11011011 × 91 = 1002002001. ಇಂಥ ಗುಣಲಬ್ಧಗಳನ್ನು ಆಚಾರ್ಯರು ಕಂಠದ ಹಾರಕ್ಕೆ ಹೋಲಿಸುತ್ತಾರೆ. ಹಾರವನ್ನು ಯಾವ ತುದಿಯಿಂದ ಹಿಡಿದರೂ ಮಣಿಗಳ ಕ್ರಮ ಒಂದೇ. ಹೋಲಿಕೆ ಅಲಂಕಾರಕ್ಕಾಗಿ ಮಾತ್ರ ಬಂದದ್ದಲ್ಲ.

ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಕನ್ನಡ ನಾಡನ್ನಾಳಿದ ಅರಸನನ್ನು ಹೊಗಳಿದ ಗ್ರಂಥ ನಮ್ಮ ನುಡಿಯಲ್ಲಿ ಈಗ ದೊರೆಯುತ್ತಿದೆ. ಓದುಗರು ಯಂತ್ರವನ್ನು ಬದಿಗಿಟ್ಟು, ಕಾಗದದ ಮೇಲೆ ಒಮ್ಮೆ ಕೈಯಾರೆ ಈ ಹಾರವನ್ನು ಪೋಣಿಸಿ ನೋಡಲಿ.