ಹಳೆಯ ಮನೆಗಳ ನೀರು, ಒಳಚರಂಡಿ ಅವಘಡಗಳು

ಇವು ಪೈಪು, ಮೋರಿ, ಒಳಚರಂಡಿ ಸವೆದ ಮನೆಗಳಲ್ಲಿ ಏಕಾಏಕಿ ತಲೆದೋರಿ, ಕೂಡಲೇ ತಡೆಯದಿದ್ದರೆ ಗೋಡೆ, ವಿದ್ಯುತ್ ತಂತಿ, ಕುಡಿಯುವ ನೀರು ಇಲ್ಲವೆ ಮನೆಮಂದಿಯ ಆರೋಗ್ಯಕ್ಕೆ ಕೇಡು ತರುವ ತೊಂದರೆಗಳು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಜಯನಗರಗಳ ಹಳೆಯ ಮನೆಗಳು ಇದಕ್ಕೆ ತಕ್ಕ ನಿದರ್ಶನ. ಈ ನಗರಕ್ಕೆ ಹೆಸರಘಟ್ಟದ ನೀರು ಬಂದದ್ದು 1896ರಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯದು 1974ರಲ್ಲಿ. ಕಾಲ ಸರಿದಂತೆ ಮನೆಯೊಳಗಿನ ಜೋಡಣೆಗೂ ಏನಾದರೊಂದು ಸೇರುತ್ತ ಬಂತು: ಹಿತ್ತಲ ಬಾವಿಯ ಜೊತೆಗೆ ನಲ್ಲಿ, ಆಮೇಲೆ ಸಂಪು, ತಾರಸಿಯ ಟ್ಯಾಂಕು, ಬೋರ್‌ವೆಲ್, ಸೋಲಾರ್ ಹೀಟರ್. ಹೀಗಾಗಿ ಒಂದೇ ಗೋಡೆಯಲ್ಲಿ ಅಜ್ಜನ ಕಾಲದ ಎರಕದ ಕಬ್ಬಿಣ, ಅಪ್ಪನ ಕಾಲದ ಜಿ.ಐ. ಪೈಪು, ಮೊನ್ನೆ ಹಾಕಿಸಿದ ಸಿಪಿವಿಸಿ ಒಟ್ಟಿಗಿರುವುದುಂಟು. ಇವು ಒಂದನ್ನೊಂದು ಕೂಡುವ ಜಾಗವೇ ಬಹುಪಾಲು ಅವಘಡಗಳ ತವರು.

ಜಿ.ಐ. ಪೈಪನ್ನು ತುಕ್ಕಿನಿಂದ ಕಾಯುವುದು ಅದರ ಮೈಮೇಲಿನ ಸತುವಿನ ಲೇಪ. ಜೋಡಣೆಗೆಂದು ಪೈಪಿನ ತುದಿಗೆ ಮರೆ (ತಿರುಪಿನ ಗೆರೆ) ಹಾಕುವಾಗ ಆ ಲೇಪವೂ ಹೋಗುತ್ತದೆ, ಪೈಪಿನ ದಪ್ಪವೂ ತಗ್ಗುತ್ತದೆ. ಅದಕ್ಕೇ ಎಲ್ಬೋ, ಟೀ, ಯೂನಿಯನ್ನುಗಳ ಬಳಿ ಮೊದಲು ಸೋರಿಕೆ ಕಾಣುವುದು. ಹಿತ್ತಾಳೆಯ ವಾಲ್ವನ್ನು ನೇರವಾಗಿ ಕೂಡಿಸಿದ ಕಡೆ ಸವಕಳಿ ಇನ್ನೂ ಬೇಗ. ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ, ತುಕ್ಕಿನ ಗಂಟುಗಳು ಅದಕ್ಕೆ ಸೇರಿ ನೀರಿನ ದಾರಿ ಕಿರಿದಾಗುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೆಂದು ಪ್ರೆಷರ್ ಪಂಪು ಹಾಕಿಸುವುದು ಈಗ ರೂಢಿ. ಇದು ತಪ್ಪು ಮದ್ದು. ದಶಕಗಳ ಕಾಲ ತಾರಸಿ ಟ್ಯಾಂಕಿನ ಮೆಲು ಒತ್ತಡಕ್ಕೆ ಒಗ್ಗಿದ ಪೈಪು ಪಂಪಿನ ಒತ್ತಡಕ್ಕೆ ಒಡೆದಾಗ ಬಚ್ಚಲ ಗೋಡೆಯನ್ನೇ ಅಗೆಯಬೇಕಾಗುತ್ತದೆ. ಪೈಪು ಬದಲಿಸದೆ ಪಂಪು ಹಾಕಬಾರದು.

ಪೈಪು ಒಡೆದಾಗ ಮೊದಲ ಕೆಲಸ ಪಂಪು ನಿಲ್ಲಿಸಿ ವಾಲ್ವು ಮುಚ್ಚುವುದು. ಹಳೆಯ ಮನೆಗಳಲ್ಲಿ ತೊಡಕು ಇಲ್ಲಿಯೇ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವು ಕಚ್ಚಿಕೊಂಡಿರುತ್ತದೆ. ಬಲವಂತವಾಗಿ ತಿರುಗಿಸಿದರೆ ಸ್ಪಿಂಡಲ್ ಮುರಿದು ಒಳಗಿನ ತಡೆ ಅರ್ಧಕ್ಕೇ ನಿಲ್ಲುತ್ತದೆ. ಆಗ ತಾರಸಿಗೆ ಹತ್ತಿ, ಟ್ಯಾಂಕಿನ ಒಳಗಿನಿಂದ ಹೊರದಾರಿಗೆ ಬಟ್ಟೆ ಸುತ್ತಿದ ಮರದ ಬಿರಡೆ ಒತ್ತಬೇಕು. ತಗ್ಗಿನ ನಲ್ಲಿಗಳನ್ನು ತೆರೆದಿಟ್ಟರೆ ಪೈಪಿನಲ್ಲಿ ಉಳಿದ ನೀರು ಇಳಿದುಹೋಗುತ್ತದೆ. ಸಣ್ಣ ಬಿರುಕಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಬೈಂಡಿಂಗ್ ವೈರ್ ಸುತ್ತುವುದು ಪ್ಲಂಬರುಗಳ ಹಳೆಯ ಉಪಾಯ. ಒಂದೆರಡು ದಿನಕ್ಕೆ ಅದು ಸಾಕು. ನೀರು ಸ್ವಿಚ್‌ಬೋರ್ಡಿನತ್ತ ಇಳಿಯುತ್ತಿದ್ದರೆ ಒಣಗಿದ ಜಾಗದಲ್ಲಿ ನಿಂತೇ ಮೇನ್ ಸ್ವಿಚ್ ಆರಿಸಬೇಕು. ಸೋರಿಕೆಯ ವಿದ್ಯುತ್ತನ್ನು ಹಿಡಿಯುವ ಬ್ರೇಕರು ಇಲ್ಲದ ಹಳೆಯ ಮನೆಗಳು ಇನ್ನೂ ಇವೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯ ಬುಡ ನೆನೆದರೆ ಗೋಡೆ ಉಬ್ಬಬಹುದು, ಕುಸಿಯಲೂಬಹುದು. ಅಲ್ಲಿ ಯಾರೂ ಮಲಗಬಾರದು.

ನೀರು ಪೋಲಾಗುವುದಕ್ಕಿಂತ ಭೀಕರವಾದದ್ದು ಕೊಳಕು ಒಳಸೇರುವುದು. ಕಾವೇರಿ ನೀರು ದಿನವಿಡೀ ಬರದ ಬೀದಿಗಳಲ್ಲಿ, ಸರಬರಾಜು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಸೋರುವ ಒಳಚರಂಡಿಯಿದ್ದರೆ ಅದರ ನೀರು ತೂತಿನ ಮೂಲಕ ನುಗ್ಗುತ್ತದೆ. ಕಾಲರಾ, ಟೈಫಾಯ್ಡ್, ಕಾಮಾಲೆ ಹಬ್ಬುವ ದಾರಿಗಳಲ್ಲಿ ಇದೂ ಒಂದು. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ವಾಸನೆ ಬಂದರೆ ಅದನ್ನು ಸಂಪಿಗೆ ಬಿಡಬಾರದು. ಜಲಮಂಡಳಿಯ 1916 ಸಂಖ್ಯೆಗೆ ತಿಳಿಸಬೇಕು.

ಹಳೆಯ ಮೋರಿಗಳು ಬಹುಮಟ್ಟಿಗೆ ಮೆರುಗು ಕೊಟ್ಟ ಮಣ್ಣಿನ ಪೈಪುಗಳು, ಅಂದರೆ ಸ್ಟೋನ್‌ವೇರ್. ತುಂಡುಗಳು ಗಿಡ್ಡ, ಆದ್ದರಿಂದ ಸಿಮೆಂಟಿನ ಬೆಸುಗೆಗಳು ಹೆಚ್ಚು. ಬೆಸುಗೆ ಬಿರಿದಲ್ಲಿ ಅತ್ತಿ, ಅರಳಿ ಮರಗಳ ಬೇರು ತೇವ ಹುಡುಕಿಕೊಂಡು ಒಳಬಂದು ಜಡೆಗಟ್ಟುತ್ತದೆ. ಕಟ್ಟಿಕೊಂಡಿರುವುದು ಎಲ್ಲಿ ಎಂದು ತಿಳಿಯಲು ಅಂಗಳದ ಚೇಂಬರ್ ಮುಚ್ಚಳ ತೆರೆದು ನೋಡುವುದೇ ಸುಲಭ ದಾರಿ: ತುಂಬಿದ್ದರೆ ತೊಡಕು ಬೀದಿಯ ಕಡೆಗೆ, ಬರಿದಾಗಿದ್ದರೆ ಮನೆಯ ಕಡೆಗೆ. ಜೋರುಮಳೆಯಲ್ಲಿ ನೆಲಮಹಡಿಯ ಶೌಚಾಲಯದಿಂದ ಕೊಳಚೆ ಉಕ್ಕುವುದಕ್ಕೆ, ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಸೇರಿಸಿರುವುದೂ ಕಾರಣ. ಆ ಜೋಡಣೆ ಬಿಡಿಸಿ, ಹಿಮ್ಮುಖ ಹರಿವು ತಡೆಯುವ ವಾಲ್ವು ಕೂಡಿಸಬೇಕು. ಕಟ್ಟಿದ ಮೋರಿಗೆ ಆ್ಯಸಿಡ್ ಸುರಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಒಳಚರಂಡಿ ಬರುವ ಮುನ್ನ ತೋಡಿದ ಶೌಚಗುಂಡಿಗಳು ಕೆಲವು ಹಿತ್ತಲುಗಳಲ್ಲಿ ಚಪ್ಪಡಿಯ ಕೆಳಗೆ ಹಾಗೆಯೇ ಉಳಿದಿವೆ. ಅವುಗಳಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ, ಇಳಿದವನು ಕ್ಷಣಗಳಲ್ಲಿ ಕುಸಿಯುತ್ತಾನೆ. ಎಂಥ ತುರ್ತಿದ್ದರೂ ಅದಕ್ಕೆ ಮನುಷ್ಯರನ್ನು ಇಳಿಸಕೂಡದು. ಸಕ್ಕಿಂಗ್ ಯಂತ್ರ ತರಿಸಬೇಕು. ರಕ್ಷಣೆಯಿಲ್ಲದೆ ಒಳಚರಂಡಿ, ಶೌಚಗುಂಡಿಗಳಿಗೆ ಇಳಿಸಿ ಸ್ವಚ್ಛಗೊಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ, ಮನೆಮಾಲೀಕರಿಗೂ ಅದು ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿಯಿದ್ದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು.