ಏಷ್ಯನ್ ಆಪ್ಷನ್ನೂ ನಮ್ಮ ರಾತ್ರಿಪಾಳಿಯೂ

ಪುಣೆಗೆ ಬಂದ ಹೊಸದರಲ್ಲಿ ಒಂದು ಬ್ಯಾಂಕಿನ ರಿಸ್ಕ್ ಪ್ರಾಜೆಕ್ಟ್ ನನ್ನ ಕೊರಳಿಗೆ ಬಿತ್ತು. ‘ಏಷ್ಯನ್ ಆಪ್ಷನ್’ ಎಂದರೆ ಏಷ್ಯಾದ ಪೇಟೆಗಳದ್ದೇ ಇರಬೇಕೆಂದುಕೊಂಡು ಎರಡು ವಾರ ಮೀಟಿಂಗುಗಳಲ್ಲಿ ಹಾಗೆಯೇ ಮಾತಾಡಿದೆ. ಮ್ಯಾನೇಜರನ್ನು ಯಾರು ತಿದ್ದುತ್ತಾರೆ?

ಹೆಸರಿನ ಕತೆಯೇ ಬೇರೆ. 1987ರಲ್ಲಿ ಬ್ಯಾಂಕರ್ಸ್ ಟ್ರಸ್ಟ್‌ನ ಮಾರ್ಕ್ ಸ್ಟ್ಯಾಂಡಿಶ್ ಮತ್ತು ಡೇವಿಡ್ ಸ್ಪಾಟನ್ ಕಚ್ಚಾತೈಲದ ಸರಾಸರಿ ಬೆಲೆಯ ಆಪ್ಷನ್ನಿಗೆ ಸೂತ್ರ ರೂಪಿಸಿದಾಗ ಟೋಕಿಯೋದಲ್ಲಿದ್ದರು. ಅಷ್ಟಕ್ಕೇ ‘ಏಷ್ಯನ್’. ಸರಾಸರಿ ಒಪ್ಪಂದದ ಬೆಲೆಗಿಂತ ಎಷ್ಟು ಮೇಲಿದೆಯೋ ಅಷ್ಟು ಹಣ ಕೊಂಡವನಿಗೆ. ದಿನವೂ ಎಣ್ಣೆ ಕೊಳ್ಳುವವನಿಗೆ ಬೇಕಾದ್ದು ಅದೇ; ಕೊನೆಯ ದಿನ ಯಾರಾದರೂ ಬೆಲೆ ಎಳೆದಾಡಿದರೂ ಸರಾಸರಿ ಹೆಚ್ಚು ಅಲುಗುವುದಿಲ್ಲ.

ಕತೆ ಹೇಳುವವರು ಸಾಮಾನ್ಯವಾಗಿ ಟೋಕಿಯೋದಲ್ಲೇ ನಿಲ್ಲುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದಾಚೆಗೆ. 1973ರ ಬ್ಲ್ಯಾಕ್–ಶೋಲ್ಸ್ ಮಾದರಿಯಲ್ಲಿ ದಿನದಿನದ ಬೆಲೆಗಳ ಗುಣೋತ್ತರ ಮಾಧ್ಯಕ್ಕೆ ಸೂತ್ರ ಸಲೀಸಾಗಿ ಸಿಗುತ್ತದೆ; ಕೂಡಿಸಿ ಭಾಗಿಸುವ ಮಾಮೂಲಿ ಸರಾಸರಿಗೆ ಅಂಥ ಸರಳ ಸೂತ್ರವಿಲ್ಲ. ಪೇಟೆ ಬಳಸುವುದು ಮಾಮೂಲಿಯನ್ನೇ. ಹಾಗಾಗಿ ಮಾಂಟೆ ಕಾರ್ಲೊ: ಮುಂದಿನ ಬೆಲೆಗಳ ಸಾವಿರಾರು ಕಾಲ್ಪನಿಕ ಹಾದಿಗಳನ್ನು ಬಿಡಿಸಿ ಲೆಕ್ಕಹಾಕುವುದು. 1990ರಲ್ಲಿ ಕೆಮ್ನಾ ಮತ್ತು ವೋರ್ಸ್ಟ್ ಅದೇ ಹಾದಿಗಳಲ್ಲಿ ಗುಣೋತ್ತರದ್ದನ್ನೂ ಲೆಕ್ಕಹಾಕಿ, ಅಲ್ಲಿ ಕಂಡ ತಪ್ಪಿನಿಂದ ಇಲ್ಲಿಯ ಉತ್ತರವನ್ನು ತಿದ್ದುವ ಜಾಣ ಉಪಾಯ ಹೇಳಿದರು.

ಬೆಲೆ ಗೊತ್ತಾದರೆ ಸಾಲದು. ಆಪ್ಷನ್ ಮಾರಿದವನಿಗೆ ಬೆಳಗಾದರೆ ಡೆಲ್ಟಾ ಬೇಕು: ತೈಲ ಒಂದು ಡಾಲರ್ ಏರಿದರೆ ಆಪ್ಷನ್ ಎಷ್ಟು ಏರುತ್ತದೆ? ಅಷ್ಟು ತೈಲ ಕೊಂಡಿಟ್ಟರೆ ಪೆಟ್ಟು ತಪ್ಪುತ್ತದೆ. 30 ದಿನಗಳ ಸರಾಸರಿಯಲ್ಲಿ 29 ದಿನ ಕಳೆದಿದ್ದರೆ, ಉಳಿದ ದಿನದ ಒಂದು ಡಾಲರ್ ಸರಾಸರಿಯನ್ನು ಅಲುಗಿಸುವುದು ಮೂವತ್ತರಲ್ಲೊಂದು ಪಾಲು ಮಾತ್ರ. ಡೆಲ್ಟಾ ತಾನಾಗಿಯೇ ಕರಗುತ್ತ ಬರುತ್ತದೆ.

ನಮ್ಮಲ್ಲಿ ಅದು ಕರಗುತ್ತಿರಲಿಲ್ಲ, ಕುಣಿಯುತ್ತಿತ್ತು. ಇಂದಿನ ಬೆಲೆಯನ್ನು ಚೂರು ಏರಿಸಿ, ಇಡೀ ಸಿಮ್ಯುಲೇಶನ್ನನ್ನು ಮತ್ತೊಮ್ಮೆ ಓಡಿಸಿ, ಬಂದ ವ್ಯತ್ಯಾಸವನ್ನು ಆ ಚೂರಿನಿಂದ ಭಾಗಿಸುತ್ತಿದ್ದೆವು. ಎರಡು ಓಟಕ್ಕೂ ಬೇರೆ ಬೇರೆ ರ್‍ಯಾಂಡಮ್ ಸಂಖ್ಯೆಗಳು! ಎರಡರ ಗದ್ದಲವೂ ಸೇರಿ, ಸಣ್ಣ ಸಂಖ್ಯೆಯಿಂದ ಭಾಗಿಸಿದ್ದಕ್ಕೆ ಇನ್ನಷ್ಟು ಉಬ್ಬುತ್ತಿತ್ತು. ಹಾದಿಗಳನ್ನು ಹೆಚ್ಚಿಸಿ ಎಂದೆ, ಹೊಸ ಸರ್ವರ್ ಕೇಳಿದೆ. ಮಾಂಟೆ ಕಾರ್ಲೊದಲ್ಲಿ ಇನ್ನೊಂದು ಅಂಕಿ ನಿಖರವಾಗಲು ನೂರು ಪಟ್ಟು ಹಾದಿಗಳು ಬೇಕೆಂದು ಎಂಟೆಕ್ ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನೇ. ಬ್ಯಾಚ್ ಬೆಳಗಿನ ಏಳಕ್ಕೂ ಮುಗಿಯದೆ ಹುಡುಗರು ಆಫೀಸಿನಲ್ಲೇ ಮಲಗತೊಡಗಿದರು.

ತಂಡದ ಎಲ್ಲರಿಗಿಂತ ಕಿರಿಯಳು, ಧಾರವಾಡದ ಹುಡುಗಿ, ಒಂದು ದಿನ ಬ್ರಾಡಿ ಮತ್ತು ಗ್ಲಾಸರ್‌ಮನ್‌ರ 1996ರ ಲೇಖನ ಹಿಡಿದು ಬಂದಳು. “ಸರ್, ಇವತ್ತಿನ ರೇಟು ಒಂದು ಪರ್ಸೆಂಟ್ ಏರಿದ್ರ ಆ ಹಾದ್ಯಾಗಿನ ಮುಂದಿನ ಎಲ್ಲಾ ರೇಟೂ ಒಂದು ಪರ್ಸೆಂಟ್ ಏರ್ತಾವ. ಮತ್ತೊಮ್ಮೆ ಯಾಕ ಓಡಸೂದ್ರಿ?”

ಸರಾಸರಿ ಇನ್ನೂ ಶುರುವಾಗದ ಆಪ್ಷನ್ ಎಂದುಕೊಳ್ಳಿ. ಯಾವ ಹಾದಿಯಲ್ಲಿ ಸರಾಸರಿ ಒಪ್ಪಂದದ ಬೆಲೆ ದಾಟಿತೋ ಅಲ್ಲಿ ಸರಾಸರಿಯನ್ನು ಇಂದಿನ ಬೆಲೆಯಿಂದ ಭಾಗಿಸಬೇಕು, ದಾಟದಿದ್ದರೆ ಸೊನ್ನೆ. ಎಲ್ಲ ಹಾದಿಗಳ ಸರಾಸರಿ ತೆಗೆದು ಬಡ್ಡಿಯ ಕಡಿತ ಹಾಕಿದರೆ ಅದೇ ಡೆಲ್ಟಾ. ಶುರುವಾಗಿದ್ದರೆ ಉಳಿದ ದಿನಗಳ ಪಾಲನ್ನಷ್ಟೇ ಎಣಿಸಬೇಕು. ಗಾಮಾಕ್ಕೆ ಈ ಉಪಾಯ ನೇರವಾಗಿ ಒಗ್ಗದು, ಒಪ್ಪಂದದ ಬೆಲೆಯಲ್ಲಿ ಮುರಿವು ಇರುವುದರಿಂದ. ಅದಕ್ಕೂ ಅದೇ ಲೇಖನದಲ್ಲಿ ದಾರಿಯಿತ್ತು: ಹಾದಿಯನ್ನು ಅಲುಗಿಸದೆ ಅದರ ಸಂಭವನೀಯತೆಯನ್ನು ಅಲುಗಿಸುವುದು.

ಅವಳು ಬದಲಿಸಿದ್ದು ಹನ್ನೊಂದು ಸಾಲು. ಅಷ್ಟರಲ್ಲಿ ಸರ್ವರ್ ಆರ್ಡರ್ ಹೊರಟಿತ್ತು. ಅದನ್ನು ರದ್ದು ಮಾಡಿಸಲು ನನಗೆ ಮೂರು ಮೀಟಿಂಗು ಹಿಡಿಯಿತು.