ಸಿಇಟಿ ಕೌನ್ಸೆಲಿಂಗ್

ಕರ್ನಾಟಕದ ವೃತ್ತಿಪರ ಕೋರ್ಸುಗಳ ಸರ್ಕಾರಿ ಕೋಟಾ ಸೀಟುಗಳನ್ನು ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದಲ್ಲಿ ಹಂಚುವ ಪ್ರಕ್ರಿಯೆ. ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) 1994ರಲ್ಲಿ ಆರಂಭವಾಯಿತು. ಈಗ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು (ಕೆಇಎ).

ಕ್ರಮ: ದಾಖಲೆ ಪರಿಶೀಲನೆಯ ಬಳಿಕ ಅಭ್ಯರ್ಥಿಗಳು ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ದಾಖಲಿಸುತ್ತಾರೆ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಪಟ್ಟಿಯನ್ನು ಬದಲಿಸಿಕೊಳ್ಳಬಹುದು. ಸೀಟು ಸಿಕ್ಕವರಿಗೆ ನಾಲ್ಕು ಆಯ್ಕೆಗಳಿವೆ: ಒಪ್ಪಿ ಸೇರುವುದು, ಒಪ್ಪಿಯೂ ಇನ್ನೂ ಮೇಲಿನ ಆದ್ಯತೆಗೆ ಕಾಯುವುದು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದ ಹೊರಬರುವುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳು ಸಮಪಾಲು.

ವೈದ್ಯಕೀಯ: ಆಧಾರ ನೀಟ್ ರ‍್ಯಾಂಕ್. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೊಂದಿಕೊಂಡ ಅಟಲ್ ಬಿಹಾರಿ ವಾಜಪೇಯಿ ವೈದ್ಯಕೀಯ ಕಾಲೇಜಿನಂಥ ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಎಂಬಿಬಿಎಸ್ ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ. ಉಳಿದವನ್ನು ಕೆಇಎ ಹಂಚುತ್ತದೆ.

ಸಲಹೆಗಾರರು: ಉಪನ್ಯಾಸಕರು ಮತ್ತು ಖಾಸಗಿ ಸಲಹಾ ಕೇಂದ್ರಗಳು ಹಿಂದಿನ ವರ್ಷಗಳ ಕಟ್‌ಆಫ್ ನೋಡಿ ಪಟ್ಟಿ ಜೋಡಿಸಲು ನೆರವಾಗುತ್ತಾರೆ. ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಗೆ ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ನೆನಪಿಸುವುದು ಅವರಿಂದಾಗುವ ದೊಡ್ಡ ಉಪಕಾರ. ಸರ್ಕಾರಿ ಕೋಟಾದ ಸೀಟು ಕೊಡಿಸುವ ಅಧಿಕಾರ ಅವರಿಗಿಲ್ಲ. ಕ್ಯಾಪಿಟೇಷನ್ ಶುಲ್ಕ ವಸೂಲಿಯನ್ನು ರಾಜ್ಯದ 1984ರ ಕಾಯ್ದೆ ನಿಷೇಧಿಸಿದೆ.